ಹಿತ್ತಲ ಮೂಲಂಗಿ



ಮೂಲಂಗಿ ಹುಳಿ ಮಾಡ್ತೀವಿ. ಮುದ್ದೆ ಜೊತೆ ಉಣ್ತೀವಿ. ಸೊಪ್ಪನ್ನು ಏನು ಮಾಡ್ತೀವಿ? ತಿಪ್ಪೆಗೆ ಎಸೀತೀವಿ. ಆದರೆ ಗೆಡ್ಡೆಗಿಂತ ಸೊಪ್ಪಿನಲ್ಲೇ ಕಬ್ಬಿಣದ ಅಂಶ ಹೆಚ್ಚು. ರಕ್ತ ಕಡಿಮೆ ಇರುವ ಹೆಂಗಸರಿಗೆ ಅದು ಬೇಕು. ಹಿತ್ತಲಲ್ಲಿ ಬೆಳೆದರೆ ಗೆಡ್ಡೆಯೂ ಸಿಗುತ್ತೆ, ತಾಜಾ ಸೊಪ್ಪೂ ಸಿಗುತ್ತೆ.

ಬೀಜದ ಪೊಟ್ಟಣ ಕೊಳ್ಳುವಾಗ ತಾರೀಖು ನೋಡಿ. ಈಗ ನಿಮಗೆ ಓದಲು ಬರುತ್ತದಲ್ಲ! ಅವಧಿ ಮುಗಿದ ಬೀಜ ಬೇಡ. ಔಷಧಿ ಹಚ್ಚಿದ ಬೀಜ ಮಕ್ಕಳ ಕೈಗೆ ಸಿಗದಿರಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಶಾಂತ್’ ಒಳ್ಳೆಯ ತಳಿ.

ಒಂದು ಗೇಣು ಆಳ ಮಣ್ಣು ಸಡಿಲಿಸಿ. ಕಲ್ಲು ಆರಿಸಿ. ಕಳಿತ ಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಿದರೆ ಗೆಡ್ಡೆ ಕವಲೊಡೆಯುತ್ತೆ. ಅರ್ಧ ಇಂಚು ಆಳಕ್ಕೆ ಬೀಜ ಹಾಕಿ. ಸಸಿ ಒತ್ತಾಗಿ ಬಂದರೆ ನಾಲ್ಕು ಬೆರಳು ಜಾಗ ಬಿಟ್ಟು ಒಂದೊಂದು ಉಳಿಸಿ. ಅಕ್ಕಿ, ಬೇಳೆ ತೊಳೆದ ನೀರು ಹಾಕಿ. ಮಣ್ಣು ಒಣಗಬಾರದು.

50-55 ದಿನಕ್ಕೆ ಕೀಳಿ. ತಡವಾದರೆ ಗೆಡ್ಡೆ ಬೆಂಡಾಗುತ್ತೆ.

ಸೊಪ್ಪಿನಿಂದ ಬಸ್ಸಾರು ಮಾಡಿ. ಉಣ್ಣುವಾಗ ನಿಂಬೆರಸ ಹಿಂಡಿ. ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಮಾತ್ರ ಬಿಡಬೇಡಿ.

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ನಾವು. ನಮ್ಮ ತಟ್ಟೆಗೂ ಒಂದು ಸೌಟು ಉಳಿಸಿಕೊಳ್ಳೋಣ.