ಕಾಲದ ಸದ್ವಿನಿಯೋಗ

(ಶತಮಾನೋತ್ಸವದ ಪೂರ್ವಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬುತ್ತಿರುವ ಈ ಪುಣ್ಯಕಾಲದಲ್ಲಿ ನಾವೆಲ್ಲರೂ ದೇವರಿಗೆ ಕೃತಜ್ಞತೆ ಸಲ್ಲಿಸಲು ಕೂಡಿದ್ದೇವೆ. ಈ ನೂರು ವರ್ಷಗಳಲ್ಲಿ ನಮ್ಮ ಹಿರಿಯರ ಹಲವು ತಲೆಮಾರುಗಳು ಇಲ್ಲಿ ಜ್ಞಾನಸ್ನಾನ ಪಡೆದು, ಇಲ್ಲಿಯೇ ವಿವಾಹದ ಸಂಸ್ಕಾರ ಸ್ವೀಕರಿಸಿ, ಕೊನೆಗೆ ಇಲ್ಲಿಂದಲೇ ಸಮಾಧಿಭೂಮಿಗೆ ಸಾಗಿವೆ. ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದಲ್ಲಿ ಒಬ್ಬೊಬ್ಬರಿಗೂ ಒಂದು ತಾರೀಖು ಉಂಟು. ಮರಣದ ಪುಸ್ತಕದಲ್ಲಿ ಇನ್ನೊಂದು ತಾರೀಖು ಉಂಟು. ಈ ಎರಡು ತಾರೀಖುಗಳ ನಡುವೆ ಅವರು ಬಾಳಿದ ದಿನಗಳ ಲೆಕ್ಕ ಮಾತ್ರ ನಮ್ಮ ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ದೇವರ ಬಳಿ ಇದೆ. ದೇವಾಲಯದ ವಯಸ್ಸನ್ನು ಸಂಭ್ರಮದಿಂದ ಎಣಿಸುವ ನಾವು ನಮ್ಮ ದಿನಗಳನ್ನೂ ಒಮ್ಮೆ ಎಣಿಸಿಕೊಳ್ಳುವುದು ಯುಕ್ತವಲ್ಲವೇ?

ತೊಂಬತ್ತನೆಯ ಕೀರ್ತನೆಯು ಮನುಷ್ಯನ ಆಯುಷ್ಯವನ್ನು ಎಪ್ಪತ್ತು ವರ್ಷವೆಂದೂ ಬಲವಿದ್ದವನಿಗೆ ಎಂಬತ್ತೆಂದೂ ಹೇಳುತ್ತದೆ. ಎಪ್ಪತ್ತು ವರ್ಷವೆಂದರೆ ಸುಮಾರು 25,550 ದಿನಗಳು. ದಿನಕ್ಕೆ ಎಂಟು ಗಂಟೆ ನಿದ್ರೆಯೆಂದು ಹಿಡಿದರೆ ಇಪ್ಪತ್ತಮೂರು ವರ್ಷಗಳಿಗೂ ಹೆಚ್ಚು ಕಾಲ ನಿದ್ರೆಯಲ್ಲಿಯೇ ಕಳೆಯುತ್ತದೆ. ಉಳಿದುದರಲ್ಲಿ ಬಾಲ್ಯ, ವಿದ್ಯಾಭ್ಯಾಸ, ಹೊಟ್ಟೆಪಾಡು, ಕಾಯಿಲೆ, ಮುಪ್ಪು. ಇನ್ನು ವಾರದ ಲೆಕ್ಕ ನೋಡೋಣ. ವಾರಕ್ಕೆ 168 ಗಂಟೆಗಳು. ಅದರಲ್ಲಿ ಒಂದು ಗಂಟೆ ಭಾನುವಾರದ ದಿವ್ಯ ಬಲಿಪೂಜೆಗೆ ಸಂದರೆ 167 ಗಂಟೆಗಳು ನಮ್ಮ ಕೈಯಲ್ಲಿಯೇ ಉಳಿಯುತ್ತವೆ. ಹೀಗಿದ್ದೂ ಪೂಜೆ ಹತ್ತು ನಿಮಿಷ ತಡವಾಗಿ ಮುಗಿದರೆ ನಾವು ಗಡಿಯಾರದ ಕಡೆಗೆ ನೋಡುತ್ತೇವೆ!

ಈ ಲೆಕ್ಕವನ್ನು ಹೇಳುತ್ತಿರುವುದು ಯಾರನ್ನೂ ಹೆದರಿಸುವುದಕ್ಕಲ್ಲ. ಕೀರ್ತನೆಗಾರನು ದಿನಗಳನ್ನು ಎಣಿಸಲು ಕಲಿಸೆಂದು ದೇವರನ್ನು ಬೇಡಿದ್ದು ಭಯಪಡುವುದಕ್ಕಾಗಿ ಅಲ್ಲ, ವಿವೇಕವುಳ್ಳ ಹೃದಯವನ್ನು ಪಡೆಯುವುದಕ್ಕಾಗಿ. ಕಾಲವು ನಮ್ಮ ಸ್ವಂತ ಆಸ್ತಿಯಲ್ಲ; ಒಡೆಯನು ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸಿದ ತಲೆಂತು. ಬಡವನಿಗೂ ಬಲ್ಲಿದನಿಗೂ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಳೇ. ಆದರೆ ಎಷ್ಟು ದಿನ ಎಂಬುದು ಯಾರಿಗೂ ತಿಳಿಯದು. ದೊಡ್ಡ ಕಣಜಗಳನ್ನು ಕಟ್ಟಿಸಲು ಹೊರಟ ಶ್ರೀಮಂತನ ಸಾಮತಿಯನ್ನು ಸಂತ ಲೂಕನ ಶುಭಸಂದೇಶದಲ್ಲಿ ನಾವು ಓದಿದ್ದೇವೆ. ಅವನು ಸೋಮಾರಿಯಾಗಿರಲಿಲ್ಲ, ಬೆಳೆ ಚೆನ್ನಾಗಿ ಬಂದಿತ್ತು, ಮುಂದಿನ ಯೋಜನೆಯೂ ಸಿದ್ಧವಾಗಿತ್ತು. ಬಹು ವರ್ಷಗಳು ತನ್ನವೆಂದು ಭಾವಿಸಿದ್ದೇ ಅವನ ಅವಿವೇಕ. ಆ ರಾತ್ರಿಯೇ ಅವನಿಗೆ ಕರೆ ಬಂದಿತು.

ಹಾಗಾದರೆ ಕಾಲವನ್ನು ಚೆನ್ನಾಗಿ ಬಳಸುವುದೆಂದರೆ ಬಿಡುವಿಲ್ಲದೆ ಓಡಾಡುವುದೇ? ಯೇಸುಸ್ವಾಮಿಯವರ ಬಾಳನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಅವರು ಸುಮಾರು ಮೂವತ್ತು ವರ್ಷ ನಜರೇತಿನಲ್ಲಿ ಬಡಗಿಯ ಕೆಲಸ ಮಾಡುತ್ತ ಮರೆಯಲ್ಲಿದ್ದರು. ಬಹಿರಂಗ ಸೇವೆಗೆ ಉಳಿದದ್ದು ಸುಮಾರು ಮೂರೇ ವರ್ಷ. ಲೋಕವನ್ನು ಉದ್ಧರಿಸಲು ಬಂದವರಿಗೆ ಇದು ಎಷ್ಟು ಅಲ್ಪ ಕಾಲ! ಆದರೂ ಅವರು ಆತುರಪಡಲಿಲ್ಲ. ಬೆಳಗಾಗುವ ಮುನ್ನವೇ ಎದ್ದು ಏಕಾಂತದಲ್ಲಿ ಪ್ರಾರ್ಥಿಸುತ್ತಿದ್ದರು. ಯಾಯಿರನ ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಗ, ಅವನ ಮನೆಗೆ ಹೋಗುವ ದಾರಿಯಲ್ಲಿ, ಹನ್ನೆರಡು ವರ್ಷಗಳಿಂದ ನರಳುತ್ತಿದ್ದ ಒಬ್ಬ ಸ್ತ್ರೀ ಅವರ ಉಡುಪನ್ನು ಮುಟ್ಟಿದಳು. ಯೇಸುಸ್ವಾಮಿ ನಿಂತರು, ಅವಳ ಮಾತನ್ನೆಲ್ಲ ಕೇಳಿದರು, ಸಮಾಧಾನ ಹೇಳಿ ಕಳುಹಿಸಿದರು. ಯಾಯಿರನ ಮಗಳಿಗೂ ಜೀವ ದೊರೆಯಿತು. ಜೆರಿಕೋ ಪಟ್ಟಣದ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ನೋಡಿಯೂ ಹಾದುಹೋದ ಯಾಜಕನಿಗೂ ಲೇವಿಯನಿಗೂ ಏನೋ ಅವಸರದ ಕೆಲಸವಿದ್ದಿರಬಹುದು. ಸಮಾರಿಯದವನೂ ಪ್ರಯಾಣಿಕನೇ, ಅವನಿಗೂ ಕೆಲಸವಿತ್ತು. ಅವನು ನಿಂತನು. ಆದುದರಿಂದ ಕ್ರೈಸ್ತನ ಕಾಲಕ್ಕೆ ಅಳತೆ ಎಷ್ಟು ಕೆಲಸ ಮುಗಿಯಿತೆಂಬುದಲ್ಲ, ಯಾರಿಗಾಗಿ ನಿಂತೆವೆಂಬುದು.

‘ಸಮಯವಿಲ್ಲ’ ಎಂಬ ಮಾತಿಗಿಂತಲೂ ಅಪಾಯಕಾರಿಯಾದ ಇನ್ನೊಂದು ಮಾತುಂಟು. ಅದು ‘ನಾಳೆ.’ 1990ರ ದಶಕದಲ್ಲಿ ನಮ್ಮ ನಾಡಿನ ಅನೇಕ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದನ್ನು ಹಿರಿಯರು ಕಂಡಿದ್ದಾರೆ. ರಾತ್ರಿ ಬಂದು ಕದ ತಟ್ಟುವ ದೆವ್ವವು ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಮತ್ತೆ ಅದನ್ನೇ ಓದಿ ಹಿಂದಿರುಗುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. ಅಂಥ ಮೂಢನಂಬಿಕೆಯನ್ನು ನೋಡಿ ನಾವು ನಗಬಹುದು. ಆದರೆ ನಮ್ಮ ಹೃದಯದ ಕದವನ್ನು ತಟ್ಟುತ್ತ ನಿಂತಿರುವ ಕರ್ತರಿಗೆ ನಾವೂ ‘ನಾಳೆ ಬಾ’ ಎಂದೇ ಬರೆದಿಟ್ಟಿಲ್ಲವೇ? ಪಾಪನಿವೇದನೆ ನಾಳೆ, ಜಪಸರ ನಾಳೆ, ಅಣ್ಣನೊಡನೆ ಮಾತು ನಾಳೆ. ನಾಳೆ ಎಂದವನ ಮನೆ ಹಾಳು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ರೋಗವನ್ನು ಸಂತ ಅಗಸ್ಟೀನರು ಚೆನ್ನಾಗಿ ಬಲ್ಲವರಾಗಿದ್ದರು. ಸತ್ಯವೇನೆಂದು ತಿಳಿದ ಮೇಲೆಯೂ ನಾಳೆ, ನಾಳೆ ಎಂದು ತಾವು ದೇವರನ್ನು ಕಾಯಿಸಿದ ಬಗೆಯನ್ನು ಅವರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಮರೆಮಾಚದೆ ಬರೆದಿದ್ದಾರೆ. ಅವರ ತಾಯಿ ಸಂತ ಮೋನಿಕಮ್ಮನವರು ಮಗನ ಪರಿವರ್ತನೆಗಾಗಿ ಎಷ್ಟೋ ವರ್ಷ ಕಣ್ಣೀರಿಟ್ಟು ಪ್ರಾರ್ಥಿಸಿದರು. ಕೊನೆಗೆ 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅಗಸ್ಟೀನರು ಇನ್ನು ತಡಮಾಡಬಾರದೆಂದು ನಿಶ್ಚಯಿಸಿದರು. 387ರ ಪಾಸ್ಕ ಹಬ್ಬದಲ್ಲಿ ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಅದೇ ವರ್ಷ, ಊರಿಗೆ ಹಿಂದಿರುಗುವ ದಾರಿಯಲ್ಲಿ, ಓಸ್ತಿಯ ಎಂಬ ಬಂದರಿನಲ್ಲಿ ಮೋನಿಕಮ್ಮನವರು ತೀರಿಕೊಂಡರು. ಸಹೋದರರೇ, ಮಗ ಇನ್ನೊಂದೇ ವರ್ಷ ‘ನಾಳೆ’ ಎಂದಿದ್ದರೆ ಆ ತಾಯಿ ಅವರ ಜ್ಞಾನಸ್ನಾನವನ್ನು ಕಾಣದೆಯೇ ಕಣ್ಣು ಮುಚ್ಚುತ್ತಿದ್ದರು. ದೇವರ ಕರುಣೆಗೆ ಕೊನೆಯಿಲ್ಲ ನಿಜ. ಶಿಲುಬೆಯ ಮೇಲಿನ ಕಳ್ಳನಿಗೂ ಕೊನೆಯ ಗಳಿಗೆಯಲ್ಲಿ ಅದು ದೊರೆಯಿತು. ಆದರೆ ನಮಗಾಗಿ ಕಾದಿರುವ ಮನುಷ್ಯರಿಗೆ ಆಯುಷ್ಯದ ಕೊನೆಯುಂಟು. ನಾವು ಸಿದ್ಧರಾಗುವ ಹೊತ್ತಿಗೆ ಅವರು ಇಲ್ಲದಿರಬಹುದು.

ನಮ್ಮ ಧರ್ಮಕೇಂದ್ರದ ಮನೆಗಳನ್ನು ಸ್ಮರಿಸಿಕೊಳ್ಳೋಣ. ಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋಗಿ, ಫೋನಿನ ಸದ್ದಿಗಾಗಿ ಕಾದು ಕುಳಿತ ತಂದೆತಾಯಿಗಳಿದ್ದಾರೆ. ಹಾಸಿಗೆ ಹಿಡಿದು, ದೇವಾಲಯದ ಗಂಟೆಯನ್ನು ಮಲಗಿದಲ್ಲಿಯೇ ಕೇಳುತ್ತಿರುವ ರೋಗಿಗಳಿದ್ದಾರೆ. ಜಮೀನಿನ ಬದುವಿಗಾಗಿ, ಪಾಲಿನ ಮನೆಗಾಗಿ ಮಾತು ಬಿಟ್ಟ ಒಡಹುಟ್ಟಿದವರಿದ್ದಾರೆ. ಅವರು ಒಂದೇ ಪೀಠದ ಮುಂದೆ ಪರಮ ಪ್ರಸಾದ ಸ್ವೀಕರಿಸುತ್ತಾರೆ, ಹೊರಗೆ ಬಂದು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಕಾಣಿಕೆಯನ್ನು ಪೀಠದ ಬಳಿಯಲ್ಲಿಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಬೇಕೆಂಬುದು ಯೇಸುಸ್ವಾಮಿಯವರ ಆಜ್ಞೆ. ಹೊತ್ತು ಮುಳುಗುವುದರೊಳಗೆ ಸಿಟ್ಟು ಬಿಡಬೇಕೆಂದು ಸಂತ ಪೌಲರು ಎಫೆಸದವರಿಗೆ ಬುದ್ಧಿ ಹೇಳಿದರು. ನಮ್ಮಲ್ಲಿ ಎಷ್ಟು ಸಿಟ್ಟುಗಳ ಮೇಲೆ ಎಷ್ಟು ಸಾವಿರ ಬಾರಿ ಹೊತ್ತು ಮುಳುಗಿದೆ! ಇದಕ್ಕಿಂತ ದೊಡ್ಡ ಕಾಲಹರಣ ಯಾವುದಿದೆ?

‘ನಮಗೆ ವಯಸ್ಸಾಯಿತು, ಇನ್ನು ನಮ್ಮಿಂದೇನಾದೀತು?’ ಎಂದು ಕೆಲವರು ಕೇಳುತ್ತಾರೆ. ಅಂಥವರು ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ವಾನ್ ಥುವಾನರನ್ನು ನೆನೆಯಬೇಕು. 1975ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಸರ್ಕಾರ ಅವರನ್ನು ಬಂಧಿಸಿತು. ಹದಿಮೂರು ವರ್ಷಗಳ ಸೆರೆ. ಅದರಲ್ಲಿ ಒಂಬತ್ತು ವರ್ಷ ಏಕಾಂತವಾಸ. ಬಿಡುಗಡೆಯ ದಿನಕ್ಕಾಗಿ ಕಾಯುತ್ತ ಕುಳಿತುಕೊಳ್ಳುವುದಿಲ್ಲ, ಈ ಗಳಿಗೆಯನ್ನೇ ಪ್ರೀತಿಯಿಂದ ತುಂಬುತ್ತೇನೆಂದು ಅವರು ನಿಶ್ಚಯಿಸಿದರು. ಒಬ್ಬ ಬಾಲಕನ ಮೂಲಕ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತರಿಸಿಕೊಂಡು, ಅವುಗಳ ಹಿಂಬದಿಯಲ್ಲಿ ತಮ್ಮ ಜನರಿಗಾಗಿ ಧ್ಯಾನವಾಕ್ಯಗಳನ್ನು ಬರೆದು ಕಳುಹಿಸಿದರು. ಮೂರು ತೊಟ್ಟು ದ್ರಾಕ್ಷಾರಸ, ಒಂದು ತೊಟ್ಟು ನೀರನ್ನು ಅಂಗೈಯಲ್ಲಿ ಹಿಡಿದು ಬಲಿಪೂಜೆ ಅರ್ಪಿಸಿದರು. ಮುಗಿದುಹೋದ ತಿಂಗಳುಗಳ ಹಾಳೆಗಳೂ ಅವರ ಕೈಯಲ್ಲಿ ಸುವಾರ್ತೆಯಾದವು. ಹಾಸಿಗೆ ಹಿಡಿದ ನಮ್ಮ ಹಿರಿಯರ ಒಂದು ಜಪಸರವೂ ದೇವರ ಮುಂದೆ ವ್ಯರ್ಥವಾಗದು.

ಯುವಜನರಿಗೂ ಒಂದು ಮಾತು. 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಇಟಲಿಯ ಕಾರ್ಲೊ ಅಕುಟಿಸನನ್ನು ಧರ್ಮಸಭೆಯು 2025ರಲ್ಲಿ ಸಂತನೆಂದು ಘೋಷಿಸಿತು. ಅವನಿಗೆ ಕಂಪ್ಯೂಟರ್ ಎಂದರೆ ಬಹಳ ಇಷ್ಟ. ಆದರೂ ವಿಡಿಯೋ ಆಟಕ್ಕೆ ವಾರಕ್ಕೆ ಒಂದೇ ಗಂಟೆಯೆಂದು ತಾನೇ ಮಿತಿ ಹಾಕಿಕೊಂಡು, ಪ್ರತಿದಿನವೂ ಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದನು. ಕೈಯಲ್ಲಿ ಮೊಬೈಲ್ ಹಿಡಿದ ನಮ್ಮ ಮಕ್ಕಳಿಗೂ, ಅವರಿಗಿಂತ ಹೆಚ್ಚಾಗಿ ಹಿರಿಯರಾದ ನಮಗೂ, ಇದು ತಕ್ಕ ಪಾಠ.

ಆದುದರಿಂದ ಈ ಶತಮಾನೋತ್ಸವದ ಕಾಣಿಕೆಯಾಗಿ ನಾವೆಲ್ಲರೂ ನಾಲ್ಕು ಸಂಕಲ್ಪಗಳನ್ನು ಮಾಡೋಣ. ಮೊದಲನೆಯದಾಗಿ, ದಿನದ 1,440 ನಿಮಿಷಗಳಲ್ಲಿ ಇಪ್ಪತ್ತು ನಿಮಿಷಗಳನ್ನು ಮನೆಮಂದಿಯೆಲ್ಲ ಕೂಡಿ ಜಪಸರಕ್ಕೆ ಕೊಡೋಣ. ಎರಡನೆಯದಾಗಿ, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಬ್ಬ ರೋಗಿಯ ಬಳಿಯೋ ವೃದ್ಧರ ಬಳಿಯೋ ಕುಳಿತುಕೊಳ್ಳೋಣ. ಕೈಯಲ್ಲಿ ಹಣ್ಣಿಲ್ಲದಿದ್ದರೂ ಚಿಂತೆಯಿಲ್ಲ, ಆತುರವಿಲ್ಲದಿರಲಿ. ಮೂರನೆಯದಾಗಿ, ರಾತ್ರಿ ಮಲಗುವ ಮುನ್ನ ಆ ದಿನವನ್ನು ದೇವರ ಮುಂದಿಟ್ಟು ಆತ್ಮಶೋಧನೆ ಮಾಡೋಣ. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟವಾದುದು: ಮಾತು ಬಿಟ್ಟವರ ಮನೆಗೆ ಹಬ್ಬದ ದಿನ ಬರುವುದರೊಳಗೆ ಹೋಗಿ ಬರೋಣ. ಅವರೇ ಮೊದಲು ಬರಲಿ ಎಂದು ಕಾಯುವುದು ಬೇಡ. ಅವರೂ ಹಾಗೆಯೇ ಕಾಯುತ್ತಿರಬಹುದು.

ದೇವಾಲಯಕ್ಕೆ ಹೊಸ ಬಣ್ಣ ಬಳಿದಿದ್ದೇವೆ, ದೀಪಾಲಂಕಾರಕ್ಕೆ ಸಿದ್ಧತೆ ನಡೆದಿದೆ. ಎಲ್ಲವೂ ಸಂತೋಷವೇ. ಆದರೆ ಉತ್ಸವದ ದಿನ ಸಮಾಧಾನದ ಕುರುಹಾಗಿ ಒಬ್ಬರಿಗೊಬ್ಬರು ಕೈಮುಗಿಯುವಾಗ, ವರ್ಷಗಟ್ಟಲೆ ಮುಖ ತಿರುಗಿಸಿದ ಇಬ್ಬರು ಸಹೋದರರು ಮನಃಪೂರ್ವಕವಾಗಿ ಪರಸ್ಪರ ಕೈಮುಗಿದರೆ, ಈ ನೂರು ವರ್ಷಗಳು ಸಾರ್ಥಕವಾದವೆಂದು ನಾವು ಹೇಳಬಹುದು.

ಕಾಲಗಳ ಒಡೆಯರಾದ ದೇವರು ನಮ್ಮ ಉಳಿದ ದಿನಗಳನ್ನು ಆಶೀರ್ವದಿಸಲಿ. ಈ ಪೀಠದ ಮುಂದೆ ನಮಗಿಂತ ಮೊದಲು ಮೊಣಕಾಲೂರಿದ ಹಿರಿಯರ ಆತ್ಮಗಳಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಮಾತೆ ಮರಿಯಮ್ಮನವರು ಈಗಲೂ ನಮ್ಮ ಮರಣದ ಗಳಿಗೆಯಲ್ಲಿಯೂ ನಮ್ಮೊಡನಿರಲಿ. ಆಮೆನ್.