ಧೂಮಪಾನ ತ್ಯಜಿಸಿದ ನಂತರದ ಸಿಡುಕು ಮತ್ತು ಸೆಳೆತ: ಮೊದಲ ನಾಲ್ಕು ವಾರಗಳು
(ಉಪನ್ಯಾಸದ ಪಠ್ಯ)



ಧೂಮಪಾನದ ಹಾನಿಯನ್ನು ಬೀಡಿಕಟ್ಟಿನ ಮೇಲಿನ ಚಿತ್ರವೇ ಹೇಳುತ್ತದೆ. ದೃಢವಾಗಿ ನಿಶ್ಚಯಿಸಿ ಬಿಟ್ಟವರೂ ಮೊದಲ ವಾರದಲ್ಲಿಯೇ ಮರಳಿ ಸೇದುವುದೇಕೆ ಎಂಬುದಷ್ಟೇ ಇಂದಿನ ವಿಷಯ.

ಬಿಟ್ಟ ಮರುದಿನದಿಂದಲೇ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಮನೆಯವರು ಬೇಸತ್ತು, "ಈ ಸಿಟ್ಟಿಗಿಂತ ಆ ಬೀಡೀನೇ ಚಲೋ, ಸೇದಿಬಿಡ್ರಿ" ಎನ್ನುತ್ತಾರೆ. ಅಲ್ಲಿಗೆ ಸಂಕಲ್ಪ ಮುರಿಯುತ್ತದೆ. ಆದುದರಿಂದ ಈ ಸಿಡುಕಿನ ಸ್ವರೂಪವನ್ನು ಬಿಡುವವರಷ್ಟೇ ಅವರ ಮನೆಯವರೂ ಅರಿತಿರಬೇಕು.

ಹೊಗೆಯೊಡನೆ ಒಳಹೋದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿದ ಮಿದುಳಿಗೆ ಅದು ದೊರೆಯದಾದಾಗ ಸಿಟ್ಟು, ಚಡಪಡಿಕೆ, ನಿದ್ರಾಭಂಗ, ಅಧಿಕ ಹಸಿವು ಕಾಣಿಸಿಕೊಳ್ಳುತ್ತವೆ. ಇದು ಸ್ವಭಾವದ ದೋಷವಲ್ಲ, ದೇಹವು ಚಟದಿಂದ ಬಿಡಿಸಿಕೊಳ್ಳುತ್ತಿರುವ ಲಕ್ಷಣ. ಮೊದಲ 2-3 ದಿನ ತೀವ್ರವಾಗಿದ್ದು, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಗ್ಗುತ್ತದೆ.

ಸೇದಬೇಕೆಂಬ ಸೆಳೆತವೂ ದಿನವಿಡೀ ಒಂದೇ ಸಮನೆ ಇರುವುದಿಲ್ಲ. ಅದು ಅಲೆಯಂತೆ ಎದ್ದು, ಸುಮಾರು 5ರಿಂದ 10 ನಿಮಿಷಗಳಲ್ಲಿ ಇಳಿಯುತ್ತದೆ. ಗೆಲ್ಲಬೇಕಾದದ್ದು ಆ ಹತ್ತು ನಿಮಿಷಗಳನ್ನು ಮಾತ್ರ. ಆಗ ಒಂದು ಲೋಟ ನೀರನ್ನು ನಿಧಾನವಾಗಿ ಕುಡಿಯಿರಿ, ದೀರ್ಘವಾಗಿ ಉಸಿರಾಡಿ, ಕುಳಿತ ಸ್ಥಳ ಬಿಟ್ಟು ನಡೆಯಿರಿ. ಜೇಬಿನಲ್ಲಿ ಬೀಡಿಯ ಬದಲು ಬಡೇಸೋಪು, ಲವಂಗ, ಪುಟಾಣಿ ಇರಲಿ. ಗುಟ್ಕಾ, ಜರ್ದಾ ಬೇಡ. ಅವುಗಳಲ್ಲಿರುವುದೂ ಅದೇ ನಿಕೋಟಿನ್.

ಚಹಾದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಚಹಾದೊಡನೆ ಬೀಡಿ ಸೇದುವ ರೂಢಿಯುಳ್ಳವರಿಗೆ ಚಹಾವೇ ಸೆಳೆತವನ್ನು ಎಬ್ಬಿಸುತ್ತದೆ. ಅಲ್ಲದೆ ಧೂಮಪಾನ ನಿಂತ ಮೇಲೆ ಚಹಾದಲ್ಲಿನ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಚಡಪಡಿಕೆಯನ್ನು, ನಿದ್ರಾಹೀನತೆಯನ್ನು ಹೆಚ್ಚಿಸಬಹುದು. ಕೆಲವು ವಾರ ಚಹಾ ಅರ್ಧಕ್ಕಿಳಿಸಿ, ಮಜ್ಜಿಗೆ ಕುಡಿಯಿರಿ. ಹೊಲದ ಕೆಲಸದ ನಡುವಿನ ವಿರಾಮದಲ್ಲಿ ಸೇದುವ ಗುಂಪಿನಿಂದ ದೂರ ಕುಳಿತುಕೊಳ್ಳಿ.

ಮನೆಯವರು ಬಿಡುವ ದಿನವನ್ನು ಮೊದಲೇ ತಿಳಿದು, ಆ ವಾರ ಲೆಕ್ಕಪತ್ರದ, ಜಗಳದ ಮಾತುಗಳನ್ನು ಮುಂದೂಡಲಿ. ಬಿಡುವವರೂ, "ಸಿಟ್ಟು ಬಂದರೆ ಎದ್ದು ಹೊರಗೆ ಹೋಗುತ್ತೇನೆ, ಅನ್ಯಥಾ ಭಾವಿಸಬೇಡಿ" ಎಂದು ಮೊದಲೇ ತಿಳಿಸಲಿ. ಸಿಟ್ಟಿಗೆ ಕಾರಣವುಂಟು, ಆದರೆ ಕೈಯೆತ್ತಲು ಅದು ನೆಪವಾಗಬಾರದು.

ಸೆಳೆತ ತಡೆಯಲಾಗದಿದ್ದರೆ ನಿಕೋಟಿನ್ ಚ್ಯೂಯಿಂಗ್ ಗಮ್ ಮೊದಲಾದ ಚಿಕಿತ್ಸೆಗಳಿವೆ. ತಾಲ್ಲೂಕು ಆಸ್ಪತ್ರೆಯ ವೈದ್ಯರ ಸಲಹೆ ಪಡೆಯಿರಿ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೇಸರ ವಾರಗಟ್ಟಲೆ ಇಳಿಯದಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಪಂಚಾಯಿತಿ ಸದಸ್ಯರಲ್ಲಿ ಒಂದು ವಿನಂತಿ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಗಿದೆ. ಹೋಟೆಲುಗಳಲ್ಲಿ ಬೆಂಕಿಪೊಟ್ಟಣ, ಲೈಟರ್ ಒದಗಿಸುವುದನ್ನೂ ಆ ನಿಯಮಗಳು ತಡೆಯುತ್ತವೆ. ನಿನ್ನೆಯಷ್ಟೇ ಬಿಟ್ಟವನಿಗೆ ಚಹಾದಂಗಡಿಯ ಹೊಗೆಯೇ ದೊಡ್ಡ ಪರೀಕ್ಷೆ. ಈ ನಿಯಮವನ್ನು ಪಾಲಿಸಿದರೆ ಅವನ ಹಾದಿ ಸುಗಮವಾಗುತ್ತದೆ.

ಒಮ್ಮೆ ಎಡವಿ ಒಂದು ಬೀಡಿ ಸೇದಿದರೆ ಎಲ್ಲವೂ ಮುಗಿಯಿತೆಂದು ಭಾವಿಸಬೇಡಿ. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ ಎಡವಿದೆವೆಂದು ಗುರುತಿಸಿ, ಆ ಕ್ಷಣದಿಂದಲೇ ಮತ್ತೆ ಬಿಡಿ. ಮುಂದಿನ ಬಾರಿ "ಸೇದಿಬಿಡ್ರಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ, ಮನೆಯವರು "ಹತ್ತು ನಿಮಿಷ ತಾಳ್ರಿ" ಎನ್ನಲಿ ಎಂದು ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.