ವಿನೋದಕ್ಕೊಂದು ಗಾಡಿ



ಮೋಟಾರುಗಾಡಿಯನ್ನು ಕೊಳ್ಳುವುದಕ್ಕೆ ಜನ ಹೇಳುವ ಕಾರಣಗಳು ಹಲವು. ಕಚೇರಿಗೆ ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ನೆಂಟರ ಮದುವೆಗೆ ಬಸ್ಸಿನಲ್ಲಿ ಹೋದರೆ ಮರ್ಯಾದೆ ಸಾಲದು, ಇವೆಲ್ಲ ಒಪ್ಪತಕ್ಕವೇ. ‘ನಡೆಸುವುದೇ ಒಂದು ಸುಖ, ಅದಕ್ಕಾಗಿ ಕೊಳ್ಳುತ್ತೇನೆ’ ಎಂದು ಬಾಯಿಬಿಟ್ಟು ಹೇಳುವವರು ಮಾತ್ರ ವಿರಳ. ಹೇಳಿದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಆ ಆಸೆ ಇರುವುದಂತೂ ನಿಜ; ಇದ್ದ ಮೇಲೆ ಅದನ್ನು ಬಚ್ಚಿಡುವುದಕ್ಕಿಂತ ವಿಚಾರಿಸುವುದು ಮೇಲು. ಈ ಹೊತ್ತು ನಾವು ಮಾತಾಡಬೇಕೆಂದಿರುವುದು ಸ್ಪೋರ್ಟ್ಸ್ ಕಾರು ಎಂದು ಕರೆಯಿಸಿಕೊಳ್ಳುವ, ಇಬ್ಬರೇ ಕೂಡಬಹುದಾದ, ಮುಚ್ಚಿಗೆಯನ್ನು ಮಡಿಸಿಟ್ಟು ಆಕಾಶ ನೋಡಿಕೊಂಡು ಹೋಗಬಹುದಾದ ಗಾಡಿಯನ್ನು ಕುರಿತು; ಅದೂ ಮಹಾನಗರದವರಿಗಾಗಿ ಅಲ್ಲ, ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆ ಮನೆಯುಳ್ಳವರಿಗಾಗಿ.

ಪ್ರಶ್ನೆ ಹುಟ್ಟಿದ್ದು ನಮ್ಮಲ್ಲಿ ಓದಿದ್ದ ಒಬ್ಬ ತರುಣರಿಂದ. ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ತಂದೆತಾಯಿಗಳ ಜೊತೆಯಲ್ಲಿರಬೇಕೆಂದು ಹಾನಗಲ್ಲಿನ ಸೀಮೆಗೆ ಮರಳುವವರು. ಕೂಡಿಟ್ಟ ಹಣವಿದೆ, ತಾಯಿಯವರನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಯ ವೈದ್ಯರ ಬಳಿಗೆ ಕರೆದೊಯ್ಯುವ ಹೊಣೆಯೂ ಇದೆ. ‘ಸರ್, ಎರಡು ಆಸನದ ಗಾಡಿ ತೊಗೊಂಡರ ತಪ್ಪೇನ್ರಿ?’ ಎಂದು ಅವರು ಕೇಳಿದರು. ತಪ್ಪಲ್ಲ. ಆದರೆ ಆರಿಸುವ ಬಗೆ ತಿಳಿದಿರಬೇಕು.

ಈ ವಿದ್ಯೆ ಆ ಸೀಮೆಗೆ ಹೊಸದಲ್ಲ. ಅಲ್ಲಿ ‘ಖಾಲಿ ಗಾಡಾ’ ಓಡಿಸುವ ಪಂದ್ಯವುಂಟು. ಹೇರಿಲ್ಲದ ಬಂಡಿಗೆ ಎತ್ತುಗಳನ್ನು ಹೂಡಿ, ಒಂದು ನಿಮಿಷದಲ್ಲಿ ಯಾವ ಜೋಡಿ ಎಷ್ಟು ದೂರ ಓಡಿತೆಂದು ಅಡಿಗಳಲ್ಲಿ ಅಳೆಯುತ್ತಾರೆ. ೨೦೧೪ರ ಮೇ ೭ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನೊಡನೆ ಎತ್ತಿನ ಬಂಡಿಯ ಓಟಗಳನ್ನೂ ತಡೆಯಿತು; ೨೦೧೭ರಲ್ಲಿ ಕರ್ನಾಟಕವು ಪ್ರಾಣಿಹಿಂಸೆಯ ಕಾನೂನನ್ನು ತಿದ್ದಿತು; ೨೦೨೩ರ ಮೇ ೧೮ರಂದು ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎತ್ತಿನ ಬೆನ್ನಿನ ಮೇಲಣ ಬಾರುಕೋಲನ್ನು ನಾವು ಮೆಚ್ಚುವವರಲ್ಲ. ಆದರೆ ಆ ಬಂಡಿಯ ತತ್ತ್ವ ನಮಗೆ ಒಪ್ಪಿಗೆ: ಬೇಡವಾದ ಭಾರವನ್ನೆಲ್ಲ ಕಳೆದುಬಿಡು, ಆಮೇಲೆ ಓಡಿಸು. ಇಂಗ್ಲೆಂಡಿನವರು ನೂರು ವರ್ಷಗಳ ಕೆಳಗೆ ಕಂಡುಕೊಂಡದ್ದೂ ಇದನ್ನೇ. ೧೯೨೯ರಲ್ಲಿ ಎಂಜಿ ಸಂಸ್ಥೆಯವರು ಮಾರಿಸ್ ಮೈನರ್ ಎಂಬ ಸಾಧಾರಣ ಗಾಡಿಯ ೮೪೭ ಸಿಸಿ ಯಂತ್ರವನ್ನೇ ತೆಗೆದುಕೊಂಡು, ಹಗುರವಾದ ಒಡಲನ್ನು ತೊಡಿಸಿ ಮಿಜೆಟ್ ಎಂಬ ಗಾಡಿಯನ್ನು ಮಾಡಿದರು. ಅದರ ಬಲ ದೊಡ್ಡದಲ್ಲ. ತೂಕ ಚಿಕ್ಕದು, ಅಷ್ಟೆ. ಅದೇ ಹೆಸರಿನ ಗಾಡಿಯನ್ನು ೨೦೨೫ರಲ್ಲಿ ಭಾರತದಲ್ಲಿ ಮಾರಾಟಕ್ಕೆ ತಂದರು: ಸೈಬರ್‌ಸ್ಟರ್, ವಿದ್ಯುತ್ತಿನಿಂದ ಓಡತಕ್ಕದ್ದು, ಸುಮಾರು ಎರಡು ಟನ್ ತೂಕ, ಬೆಲೆ ಸುಮಾರು ೭೫ ಲಕ್ಷ. ಹೆಸರು ಉಳಿದಿದೆ, ಹಗುರವಂತೂ ಉಳಿದಿಲ್ಲ.

ನಮ್ಮ ನಾಡಿಗೂ ಇದರ ಸೋಂಕು ತಗುಲದೆ ಇರಲಿಲ್ಲ. ೧೯೮೦ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ನಾರುಗಾಜಿನ ಒಡಲಿನ ಡಾಲ್ಫಿನ್ ಗಾಡಿಯನ್ನು ತಯಾರಿಸಿದರು. ಹಗುರತನದ ಬಲದಿಂದ ಅದು ಮದರಾಸಿನ ಬಳಿಯ ಶೋಲಾವರದ ಪಂದ್ಯಗಳಲ್ಲಿ ಹೆಸರು ಮಾಡಿತು. ೧೯೯೮ರಲ್ಲಿ ಗೋವೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡಾಸನದ ತೆರೆದ ಗಾಡಿ ಹುಟ್ಟಿತು. ಅದಕ್ಕೆ ಫ್ರಾನ್ಸಿನ ರೆನೋದವರ ೧೧೪೯ ಸಿಸಿ ಯಂತ್ರ. ಎರಡೂ ಈಗ ತಯಾರಾಗುವುದಿಲ್ಲ. ಹಳೆಯದೊಂದು ಸ್ಟಾರ್ಮ್ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು ಮುಂದೆ ಒಂದು ಬಿಡಿಭಾಗಕ್ಕಾಗಿ ಊರೂರು ತಿರುಗಬೇಕಾದೀತು. ಜಪಾನಿನ ಮಾಜ್ದಾದವರು ೧೯೮೯ರಲ್ಲಿ ಹೊರತಂದ ಎಂಎಕ್ಸ್-೫ ಈ ಜಾತಿಯಲ್ಲಿ ಲೋಕದಲ್ಲೆಲ್ಲ ಅತಿ ಹೆಚ್ಚು ಮಾರಾಟವಾದ ಗಾಡಿ. ತೂಕ ಒಂದು ಟನ್ನಿನ ಸುತ್ತಮುತ್ತ. ಆದರೆ ಆ ಸಂಸ್ಥೆಗೆ ಭಾರತದಲ್ಲಿ ಅಂಗಡಿಯೇ ಇಲ್ಲ. ಬಳಸಿದ ಗಾಡಿಯನ್ನು ಹೊರದೇಶದಿಂದ ತರಿಸೋಣವೆಂದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದು, ಚುಕ್ಕಾಣಿ ಬಲಗಡೆಯಲ್ಲಿರಬೇಕು, ಸುಂಕವೋ ಗಾಡಿಯ ಬೆಲೆಯನ್ನೇ ಮೀರುತ್ತದೆ. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ: ೨೦ ಲಕ್ಷಕ್ಕೆ ಮೇಲ್ಪಟ್ಟ ಗಾಡಿಗೆ ಶೇಕಡ ೧೮, ಉಪಕರ ಬೇರೆ.

ಹಣದ ಮಾತು ಹಾಗಿರಲಿ, ರಸ್ತೆಗೆ ಬರೋಣ. ಶಿಗ್ಗಾಂವಿ, ಬಂಕಾಪುರಗಳ ಮಗ್ಗುಲಲ್ಲಿ ರಾಷ್ಟ್ರೀಯ ಹೆದ್ದಾರಿ ೪೮ ಹಾದುಹೋಗುತ್ತದೆ. ಅದು ನೆಟ್ಟಗೆ, ಅಗಲವಾಗಿದೆ; ನಡೆಸುವವನಿಗೆ ಅಲ್ಲಿ ನಿದ್ದೆಯಲ್ಲದೆ ಬೇರೆ ಸುಖವಿಲ್ಲ. ಸುಖವಿರುವುದು ಹಾನಗಲ್ಲಿನಿಂದ ಪಡುವಣಕ್ಕೆ ಶಿರಸಿಯ ಕಡೆ. ಬಯಲು ಮುಗಿದು ಮಲೆನಾಡಿನ ನೆರಳು ತೊಡಗುತ್ತದೆ. ಶಿರಸಿ ದಾಟಿ ಕುಮಟೆಯ ದಾರಿ ಹಿಡಿದರೆ ದೇವಿಮನೆ ಘಟ್ಟದ ತಿರುವುಗಳು. ಮಾರ್ಗಶಿರದ ಮುಂಜಾನೆ ಮುಚ್ಚಿಗೆ ತೆರೆದು ಆ ದಾರಿಯಲ್ಲಿ ಹೋಗುವುದನ್ನು ಯಾರೂ ಹೀಗಳೆಯಲಾರರು. ಆದರೆ ಮನೆಯಿಂದ ಆ ದಾರಿಯನ್ನು ಮುಟ್ಟುವುದಕ್ಕೆ ಮೊದಲು ಊರೂರಿನ ರಸ್ತೆಯುಬ್ಬುಗಳನ್ನು ದಾಟಬೇಕಷ್ಟೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಆವಶ್ಯಕ. ರಸ್ತೆ ಶಾಸ್ತ್ರಜ್ಞರ ನಿಯಮದಂತೆ ಉಬ್ಬಿನ ಎತ್ತರ ೧೦ ಸೆಂಟಿಮೀಟರು, ಅಗಲ ೩.೭ ಮೀಟರು. ಎಂಎಕ್ಸ್-೫ರ ಎರಡು ಅಚ್ಚುಗಳ ನಡುವಣ ಅಂತರ ೨.೩ ಮೀಟರು. ನಿಯಮದ ಉಬ್ಬಿನ ಮೇಲೆ ಗಾಡಿ ನಟ್ಟನಡುವೆ ನಿಂತಾಗ ಗಾಲಿಗಳೂ ಉಬ್ಬಿನ ಮೇಲೆಯೇ ಇರುವುದರಿಂದ, ನೆತ್ತಿ ಅವುಗಳಿಗಿಂತ ೪ ಸೆಂಟಿಮೀಟರಿನಷ್ಟು ಮಾತ್ರ ಮೇಲಿರುತ್ತದೆ. ೧೩ ಸೆಂಟಿಮೀಟರು ನೆಲಬಿಡುವಿರುವ ಗಾಡಿ ನಿರಾಯಾಸವಾಗಿ ದಾಟುತ್ತದೆ. ಆದರೆ ಊರವರು ರಾತ್ರೋರಾತ್ರಿ ಹಾಕಿಸಿದ, ಎರಡಡಿ ಅಗಲದ, ಗೇಣೆತ್ತರದ ದಿಂಡನ್ನು ನೆನೆಯಿರಿ: ಮುಂದಿನ ಗಾಲಿ ಇಳಿದಾಯಿತು, ಹಿಂದಿನದು ಇನ್ನೂ ಹತ್ತಿಲ್ಲ, ದಿಂಡಿನ ಪೂರ್ತಿ ಎತ್ತರ ಗಾಡಿಯ ಹೊಟ್ಟೆಗೆ ತಾಗುತ್ತದೆ. ಊರವರನ್ನು ದೂರುವಂತಿಲ್ಲ, ಮಕ್ಕಳು ರಸ್ತೆ ದಾಟಬೇಕಲ್ಲ.

ಇದಕ್ಕಿಂತ ಘೋರವಾದದ್ದು ಒಕ್ಕಣೆ. ಸುಗ್ಗಿಯ ಕಾಲದಲ್ಲಿ ಹುರುಳಿಯ ಬಳ್ಳಿಯನ್ನೂ ಬೇರೆ ಪೈರನ್ನೂ ಡಾಂಬರಿನ ಮೇಲೆ ಹರಡಿ, ಹೋಗಿಬರುವ ವಾಹನಗಳಿಂದ ತುಳಿಸುವ ವಾಡಿಕೆಯಿದೆ. ತಗ್ಗಾದ ಗಾಡಿಯ ಅಡಿಯಲ್ಲಿ ಒಣಬಳ್ಳಿ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಹೊಗೆಕೊಳವೆ ಕೆಂಡದಂತೆ ಕಾದಿರುತ್ತದೆ. ಹೀಗೆ ಗಾಡಿಗಳು ಹೊತ್ತಿ ಉರಿದ ವಾರ್ತೆ ನಮ್ಮ ಪತ್ರಿಕೆಗಳಲ್ಲಿ ಬಂದಿರುವುದುಂಟು. ಅಂಥ ಹಾಸಿನ ಮೇಲೆ ಹೋಗಲೇಬಾರದು. ಹೋಗಬೇಕಾಗಿ ಬಂದರೆ ದಾಟಿದೊಡನೆ ಇಳಿದು, ಬಗ್ಗಿ ನೋಡತಕ್ಕದ್ದು. ಇನ್ನು ರಾತ್ರಿಯ ಹೊತ್ತು ಹಿಂದೀಪವಿಲ್ಲದ ಟ್ರ್ಯಾಕ್ಟರಿನ ಟ್ರೇಲರು. ತಗ್ಗಿನ ಆಸನದಲ್ಲಿ ಕುಳಿತವನ ಕಣ್ಣಿಗೂ ಅದರ ಹಿಂಬದಿಯ ಕಬ್ಬಿಣದ ಅಂಚಿಗೂ ಎತ್ತರ ಹೆಚ್ಚುಕಡಿಮೆ ಒಂದೇ ಎಂಬುದನ್ನು ಹೇಳಿದರೆ ಸಾಕು.

ಹಾಗಾದರೆ ಎತ್ತರದ ತೆರೆದ ಗಾಡಿಯಾಗಲಿ ಎನ್ನುವವರಿಗೆ ಮಹೀಂದ್ರದವರ ಥಾರ್ ಇದೆ. ೨೦೨೦ರ ಅಕ್ಟೋಬರ್ ೨ರಂದು ಹೊರಬಂದ ಅದರ ಎರಡನೆಯ ಅವತಾರಕ್ಕೆ ನೆಲಬಿಡುವು ೨೨೬ ಮಿಲಿಮೀಟರು. ಬಟ್ಟೆಯ ಮುಚ್ಚಿಗೆಯದೂ ಬಂದಿತು. ಸವಣೂರಿನ ಎರೆಮಣ್ಣಿನ ಹೊಲದ ದಾರಿಯಲ್ಲಿ ಮಳೆಗಾಲಕ್ಕೂ ಅದು ಅಂಜದು. ಆದರೆ ತೂಕ ಹೆಚ್ಚು, ನಿಲುವು ಎತ್ತರ, ತಿರುವಿನಲ್ಲಿ ವಾಲುತ್ತದೆ. ಅದು ನೋಟದ ಸುಖ, ಓಟದ ಸುಖವಲ್ಲ. ಬಯಲಿನ ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆಯಾದ ಮೇಲೆ ಯಾವ ಗಾಡಿಯ ಮುಚ್ಚಿಗೆಯನ್ನೂ ತೆರೆಯಲಾಗುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ನಮ್ಮ ಅಭಿಪ್ರಾಯ ಕೆಲವರಿಗೆ ರುಚಿಸದು. ಮನೆಗೆ ಒಂದೇ ಗಾಡಿಯಾದರೆ, ಕೈಯಿಂದ ಗೇರು ಬದಲಾಯಿಸುವ ಸಾಧಾರಣವಾದ ಚಿಕ್ಕ ಕಾರೇ ಸರಿ. ಮಾರುತಿಯವರ ಸ್ವಿಫ್ಟ್ ಒಂಬೈನೂರು ಕಿಲೋಗ್ರಾಮಿನ ಆಸುಪಾಸಿನದು. ಅಂದರೆ ಆ ಪ್ರಖ್ಯಾತ ಎಂಎಕ್ಸ್-೫ಕ್ಕಿಂತಲೂ ಹಗುರ. ಒಳ್ಳೆಯ ಟೈರು ಹಾಕಿಸಿ, ಬೇಡದ ಸಾಮಾನು ಇಳಿಸಿ ಘಟ್ಟಕ್ಕೆ ಒಯ್ದರೆ ಖಾಲಿ ಗಾಡಾದ ಸುಖ ಅದರಲ್ಲೂ ಉಂಟು. ತಾಯಿಯವರು ಹಿಂದಿನ ಆಸನದಲ್ಲಿ ಕಾಲು ಚಾಚಿ ಹುಬ್ಬಳ್ಳಿಗೆ ಹೋಗಬಹುದು. ಎರಡಾಸನದ್ದು ಏನಿದ್ದರೂ ಎರಡನೆಯ ಗಾಡಿಯಾಗಬೇಕು.

ತರುಣರ ತಂದೆಯವರು ರೈತರು, ಎತ್ತಿನ ಪಾರಖಿಗಳು. ನಮ್ಮ ಲೆಕ್ಕವನ್ನೆಲ್ಲ ಕೇಳಿ ಅವರು ಹೇಳಿದ್ದು ಇಷ್ಟೆ: ‘ಸಂತಿಯೊಳಗ ನಿಂತ ಎತ್ತು ಎಲ್ಲಾ ಚಂದನರಿ. ನಮ್ಮ ಹೊಲದಾಗ ಒಂದು ಸಾಲು ಹೊಡದ ಮ್ಯಾಲೆ ರೊಕ್ಕ ಕೊಡಬೇಕು.’ ಗಾಡಿಗೂ ಇದೇ ಕ್ರಮ. ಅಂಗಡಿಯ ಮುಂದಿನ ನುಣ್ಣನೆಯ ರಸ್ತೆಯಲ್ಲಿ ನಡೆಸಿ ನೋಡಿ ಒಪ್ಪಬಾರದು. ತಮ್ಮ ಊರಿನ ಅತಿ ಕೆಟ್ಟ ಉಬ್ಬಿನ ಮೇಲೆ, ಮನೆಯವರನ್ನು ಕೂಡಿಸಿಕೊಂಡು, ಒಮ್ಮೆ ಹಗಲು, ಒಮ್ಮೆ ಕತ್ತಲಲ್ಲಿ ನಡೆಸಬೇಕು. ಬಟ್ಟೆಯ ಮುಚ್ಚಿಗೆಯದಾದರೆ ಆಷಾಢದ ಒಂದು ಮಳೆಯಲ್ಲಿ ನಿಲ್ಲಿಸಿ, ಗಾಜೂ ಬಟ್ಟೆಯೂ ಕೂಡುವ ಮೂಲೆಗಳಿಗೆ ಬೆರಳಿಟ್ಟು ನೋಡಬೇಕು. ನೀರು ಇಳಿಯುವುದು ಸಾಮಾನ್ಯವಾಗಿ ಅಲ್ಲಿಯೇ.